ಬಲಗೆನ್ನೆ

ಎಡಗೈ ಯಾವುದು, ಬಲಗೈ ಯಾವುದು ಎಂಬ ವಿಷಯದಲ್ಲಿ ಅರವತ್ತೇಳು ವರ್ಷ ಯಾವ ಅನುಮಾನವೂ ಇಲ್ಲದೆ ಬದುಕಿದ್ದ ಓಸ್ಮೊ ರಾತಿಕೈನೆನ್‌ಗೆ ಏಪ್ರಿಲ್ ಕೊನೆಯ ಒಂದು ಮಂಗಳವಾರ ಬೆಳಿಗ್ಗೆ, ಕ್ರೀಡಾಭವನದ ಅಂಗಳದಲ್ಲಿ, ಹನ್ನೊಂದು ಜನರ ಕಣ್ಣೆದುರಿಗೆ ಅನುಮಾನ ಹುಟ್ಟಿತು. ಬಲಗಾಲು ಮುಂದಿಟ್ಟರೆ ಬಲಗೈಯೂ ಅದರ ಜೊತೆಗೇ ಹೊರಟುಬಿಡುತ್ತಿತ್ತು. ಎಡಗಾಲಿಗೆ ಎಡಗೈ. ನಿನ್ನೆಯವರೆಗೂ ಇದೇ ದೇಹ ಯಾರ ಉಪದೇಶವೂ ಇಲ್ಲದೆ ಅಂಗಡಿಗೆ, ಗ್ರಂಥಾಲಯಕ್ಕೆ, ದಡದ ಸೌನಾ ಎಂಬ ಹಬೆಮನೆಗೆ ನೆಟ್ಟಗೆ ನಡೆದು ಹೋಗಿ ಬಂದಿತ್ತು. ಎರಡು ಕೈಗೆ ಎರಡು ಕೋಲು ಕೊಟ್ಟದ್ದೇ ತಡ, ಕೈಕಾಲುಗಳು ಒಂದಕ್ಕೊಂದು ಪರಿಚಯವೇ ಇಲ್ಲದವರಂತೆ ಆಡತೊಡಗಿದವು. ಅವನು ನಿಂತ. ಬಲಗಾಲು, ಎಡಗೈ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಮತ್ತೆ ಹೊರಟ. ಮೂರು ಹೆಜ್ಜೆ ಸರಿಹೋಯಿತು, ನಾಲ್ಕನೆಯದಕ್ಕೆ ಬಲಗೈ ಹಳೆಯ ಚಾಳಿಗೇ ಮರಳಿತು. ಹಿಂದಿನಿಂದ ಯಾರೋ ಕೆಮ್ಮಿದರು. ಆ ಕೆಮ್ಮಿನೊಳಗೆ ನಗು ಇದೆ ಎಂದು ಅವನಿಗೆ ಖಾತ್ರಿಯಾಗಿ ಕಿವಿ ಬಿಸಿಯಾಯಿತು. ಚಳಿಗಾಲದಲ್ಲಿ ಜನ ಜಾರದಿರಲೆಂದು ರಸ್ತೆಗೆ ಹಾಕಿದ್ದ ಜಲ್ಲಿಪುಡಿ ಇನ್ನೂ ಅಂಗಳದಲ್ಲಿ ಬಿದ್ದಿತ್ತು. ಅವನು ಬಗ್ಗಿ ಅದನ್ನೇ ನೋಡುತ್ತ, ತಪ್ಪು ಅದರದ್ದೇನೋ ಎಂಬಂತೆ ಕೋಲಿನಿಂದ ಎರಡು ಕಲ್ಲು ಸರಿಸಿದ.

"ನಿಲ್ಲು, ನಿಲ್ಲು," ಎನ್ನುತ್ತ ತೂಲಿಕ್ಕಿ ಓಡಿಬಂದಳು. ಮೂವತ್ತು ವರ್ಷ ಶಾಲಾಮಕ್ಕಳಿಗೆ ವ್ಯಾಯಾಮ ಕಲಿಸಿ ಈಗ ನಿವೃತ್ತರಿಗೆ ಎರಡು ಕೋಲೂರಿ ನಡೆಯುವುದನ್ನು ಕಲಿಸುತ್ತಿದ್ದ ಅವಳಿಗೆ ಮೆಲುದನಿ ಎಂಬುದು ಗೊತ್ತೇ ಇರಲಿಲ್ಲ. "ಅಯ್ಯೋ, ಕೋಲಿನ ತುದೀ ರಬ್ಬರ್ ಗೊರಸು ಹಿಂದುಮುಂದಾಗಿದೆಯಲ್ಲ! ಇದರ ಮೂತಿ ಹಿಂದಕ್ಕೆ ನೋಡ್ಬೇಕು. ಕೈಪಟ್ಟೀನೂ ಅದಲುಬದಲು. ಎಡಗೈದು ಬಲಗೈಗೆ ಹಾಕ್ಕೊಂಡಿದೀಯ."

"ನೀವು ಹೇಳಿದ್ದು ಸರಿ. ನಾನು ಗಮನಿಸಲಿಲ್ಲ."

"ನೀವು ಅಂದ್ರೆ ಯಾರು? ಇಲ್ಲಿ ನಾನೊಬ್ಬಳೇ ತಾನೇ ನಿಂತಿರೋದು?" ಎಂದು ಅವಳು ಹಿಂದೆಮುಂದೆ ನೋಡಿದಳು. ಈ ಸಲ ಕೆಮ್ಮು ಗಿಮ್ಮು ಏನೂ ಇಲ್ಲದೆ ಎಲ್ಲರೂ ನೇರವಾಗಿಯೇ ನಕ್ಕರು.

ಇಡೀ ದೇಶ ಯಾವತ್ತೋ 'ನೀವು' ಬಿಟ್ಟು 'ನೀನು'ಗೆ ಇಳಿದಿತ್ತು. ಮಂತ್ರಿಗೂ ನೀನು, ವೈದ್ಯನಿಗೂ ನೀನು. ಓಸ್ಮೊ ಮಾತ್ರ ಕಳೆದ ಶರತ್ಕಾಲದವರೆಗೂ ದಿನಕ್ಕೆ ಎಂಟು ಸಲ, ಹದಿನೆಂಟು ವರ್ಷದ ಹುಡುಗಿಯರಿಗೂ 'ನೀವು' ಎನ್ನುತ್ತಿದ್ದ. ಮುಂದಿನ ತಿರುವಿನಲ್ಲಿ ನೀವು ಎಡಕ್ಕೆ ಹೋಗಿ. ನೀವು ಇಲ್ಲಿ ನಿಲ್ಲಿಸಿ. ನೀವು ಉತ್ತೀರ್ಣರಾಗಿಲ್ಲ. ಈ ಪಟ್ಟಣದಲ್ಲಿ ಮೂವತ್ತನಾಲ್ಕು ವರ್ಷ ಡ್ರೈವಿಂಗ್ ಪರೀಕ್ಷಕನಾಗಿದ್ದವನು ಅವನು. ಇಲ್ಲಿಯ ಕಾರುಗಳಲ್ಲಿ ಎಡಗಡೆ ಕೂರುವ ಚಾಲಕನ ಬಲಕ್ಕೆ ಕೂತು, ಮಡಿಲಲ್ಲಿ ನಮೂನೆ ಇಟ್ಟುಕೊಂಡು, ಕಾಲ ಬಳಿ ತನ್ನದೇ ಒಂದು ಬ್ರೇಕು ಇಟ್ಟುಕೊಂಡು, ದಾರಿ ಹೇಳುವುದಕ್ಕಲ್ಲದೆ ಬಾಯಿ ಬಿಡದೆ ಜೀವಮಾನ ಕಳೆದವನು. ಹಾಗಾಗಿ ಊರಿನ ಅರ್ಧ ಜನ ಅವನಿಗೆ ಗೊತ್ತು, ಆದರೆ ಬಲಗೆನ್ನೆಯಿಂದ ಮಾತ್ರ. ಎದುರಿಗೆ ಬಂದು ನಿಂತರೆ ಯಾರೂ ಗೊತ್ತಾಗುವುದಿಲ್ಲ. ಅಂಗಡಿಯ ಸಾಲಿನಲ್ಲಿ ಯಾರಾದರೂ ಸ್ವಲ್ಪ ತಿರುಗಿ ಬಲಗಿವಿ ಕಾಣಿಸಿತೆಂದರೆ ತಟ್ಟನೆ ಹೊಳೆಯುತ್ತಿತ್ತು: ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವಾಗ ದೀಪದಕಂಬಕ್ಕೆ ತಾಗಿಸಿದವನು, ದುಂಡುತಿರುವಿನಲ್ಲಿ ಅತ್ತವಳು. ಮೊದಲ ದಿನದ ಪದ್ಧತಿಯಂತೆ ಎಲ್ಲರೂ ದುಂಡಗೆ ನಿಂತು ಹೆಸರು, ಮಾಡಿದ ಕೆಲಸ ಹೇಳಬೇಕಾಗಿ ಬಂದಾಗ ಅವನು ಟೋಪಿಯನ್ನು ಕೆಳಕ್ಕೆ ಎಳೆದುಕೊಂಡ. "ತೋಯ್ವೊ. ಮಾಂಸದಂಗಡಿ, ನಲವತ್ತು ವರ್ಷ," ಎಂದ ದಪ್ಪ ಮೀಸೆಯ ಮುದುಕ. "ಹೆಲ್ಕಾ. ಶಾಲೆ ಅಡುಗೆಮನೆ. ಆಲೂಗಡ್ಡೆ," ಎಂದಳು ನೀಲಿ ಟೋಪಿಯ ಎತ್ತರದ ಹೆಂಗಸು. ಓಸ್ಮೊನ ಸರದಿ ಬಂತು. "ಸರ್ಕಾರಿ ಕೆಲಸ," ಎಂದ. "ಕೂತು ಮಾಡೋದು." ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಇಲ್ಲಿಯವರು ಕೇಳುವ ಜನರೇ ಅಲ್ಲ. ಪಕ್ಕದ ಮನೆಯವನು ಮೂರು ತಿಂಗಳು ಹೊರಗೆ ಕಾಣದಿದ್ದರೆ ಅವನಿಗೆ ಕಾಣಿಸಿಕೊಳ್ಳುವ ಮನಸ್ಸಿಲ್ಲವೆಂದು ಗೌರವದಿಂದ ಸುಮ್ಮನಿರುವವರು. ಕನ್ನಡಕ ಬದಲಾಯಿಸಿದ್ದೇನೆ, ಟೋಪಿ ಕಣ್ಣಿನವರೆಗೆ ಇಳಿದಿದೆ, ಗುರುತು ಹತ್ತಿಲ್ಲ ಎಂದು ಓಸ್ಮೊ ಅವತ್ತು ಸಮಾಧಾನದ ಉಸಿರು ಬಿಟ್ಟ. ಅವನ ಬುದ್ಧಿವಂತಿಕೆ ಅಷ್ಟಕ್ಕೇ ನಿಂತಿತು.

ಈ ತರಗತಿಗೆ ಅವನು ತಾನಾಗಿ ಬಂದದ್ದಲ್ಲ, ಅವನ ಹೆಂಡತಿ ಐಲಾ ಹೆಸರು ಬರೆಸಿದ್ದಳು. ನಿವೃತ್ತನಾದ ಮೇಲೆ ಅವನಿಗೆ ಅಡುಗೆಮನೆಯ ಮೇಜಿನ ಬಲತುದಿಯಲ್ಲಿ ಕೂರುವ ಅಭ್ಯಾಸವಾಗಿತ್ತು. ಕೂತು ನೋಡುವನು, ಅಷ್ಟೇ. ಅವಳು ಈರುಳ್ಳಿ ಹೆಚ್ಚುವಾಗ ಹುಬ್ಬು ಒಂದಿಷ್ಟು ಮೇಲಕ್ಕೆ ಹೋಗುತ್ತಿತ್ತು. ಒಲೆಯ ಮೇಲಿನ ಪಾತ್ರೆ ತಡವಾಗಿ ಇಳಿದರೆ ಮೂಗಿನಿಂದ ಸಣ್ಣ ಉಸಿರು. ಏಪ್ರಿಲ್‌ನಲ್ಲೊಂದು ದಿನ ಅವಳು ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು ಬೆಣ್ಣೆ ಹುಡುಕುತ್ತಿದ್ದಾಗ ಅವನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತಿದ್ದನ್ನು ಕಂಡಳು. ಕೈಯಲ್ಲಿದ್ದ ಚಾಕು ಕೆಳಗಿಟ್ಟು, "ಓಸ್ಮೊ, ನನ್ನನ್ನ ಪರೀಕ್ಷೆ ಮಾಡ್ತಿದೀಯಾ?" ಎಂದಳು. ಅವನು ಇಲ್ಲವೆಂದ. "ಹಾಗಾದ್ರೆ ಆ ಕಾಲು ಯಾರದು?" ಎಂದಳು. ಮಾರನೆಯ ವಾರ ಮೇಜಿನ ಮೇಲೆ ಎರಡು ಕೋಲು, ಒಂದು ಚೀಟಿ. ಮಂಗಳವಾರ ಹತ್ತರಿಂದ ಹನ್ನೆರಡು ಮನೆ ನನ್ನದು ಎಂದು ಚೀಟಿಯಲ್ಲಿತ್ತು. ಅವಮಾನವೆನಿಸಿದರೂ ಅವನು ಕೋಲುಗಳನ್ನು ಎತ್ತಿಕೊಂಡ. ಹೌದಲ್ಲ, ಆ ಕಾಲು ತನ್ನದೇ ತಾನೇ.

ತೂಲಿಕ್ಕಿ ಎತ್ತರ ನೋಡಿ ಜೋಡಿ ಹಾಕಿದ್ದರಿಂದ ಓಸ್ಮೊನ ಪಾಲಿಗೆ ಹೆಲ್ಕಾ ಬಂದಳು. ಸರೋವರದ ದಡದ ದಾರಿಯಲ್ಲಿ ನೀರಿನ ಕಡೆ, ಎಂದರೆ ಅವನ ಬಲಕ್ಕೆ, ಅವಳು ನಡೆಯುತ್ತಿದ್ದಳು. ಮೊದಲ ಮಂಗಳವಾರ ಎರಡು ಕಿಲೋಮೀಟರು ಮುಗಿಯುವವರೆಗೆ ಒಂದು ಮಾತೂ ಇಲ್ಲ. ತಿರುಗಿ ಬರುವಾಗ ಅವಳು, "ಕೋಲನ್ನ ಎತ್ತಬೇಡ, ನೆಲದ ಮೇಲೆ ಎಳಕೊಂಡು ಬಾ. ಕೈ ಇದೆ ಅನ್ನೋದನ್ನೇ ಮರೆತುಬಿಡು," ಎಂದಳು. ಅವನು ಮರೆಯಲು ಪ್ರಯತ್ನಿಸಿದ. ಪ್ರಯತ್ನಿಸಿದಷ್ಟೂ ನೆನಪಾಗುತ್ತಿತ್ತು. "ಏನಾದ್ರೂ ಬೇರೆ ಯೋಚನೆ ಮಾಡು. ಮೀನು ಹಿಡೀತೀಯಾ?" ಎಂದಳು. ಹಿಡಿಯುತ್ತಿದ್ದ. ಮಂಜುಗಡ್ಡೆಗೆ ತೂತು ಕೊರೆದು ಕೂತದ್ದು, ಮಾರ್ಚಿನಲ್ಲಿ ಒಂದು ದೊಡ್ಡ ಮೀನು ದಾರ ಕಿತ್ತುಕೊಂಡು ಹೋದದ್ದು, ಅದು ತೋಳುದ್ದ ಇತ್ತೆಂದು ಹೇಳಿದರೆ ಐಲಾ ಮೊಳದುದ್ದಕ್ಕೆ ಇಳಿಸಿದ್ದು, ಎಲ್ಲ ಹೇಳುತ್ತ ಹೇಳುತ್ತ ಕ್ರೀಡಾಭವನ ಕಾಣಿಸುವಷ್ಟರಲ್ಲಿ ಹೆಲ್ಕಾ ಬರೀ ಗದ್ದ ಎತ್ತಿ ಅವನ ಕೈ ತೋರಿಸಿದಳು. ಬಲಗಾಲಿಗೆ ಎಡಗೈ ಹೋಗುತ್ತಿತ್ತು. ಎಡಗಾಲಿಗೆ ಬಲಗೈ. ಅರವತ್ತೇಳರ ಮುದುಕನಿಗೆ ಇದರಲ್ಲಿ ಹಿಗ್ಗುವುದೇನಿದೆ ಎಂದು ಕೇಳಬೇಡಿ. ಅವನು ಹಿಗ್ಗಿದ. ಮನೆಗೆ ಹೋಗಿ ಹಜಾರದಲ್ಲಿ ಐಲಾಗೆ ನಡೆದು ತೋರಿಸಿದ.

ಎರಡನೆಯ ಮಂಗಳವಾರದ ಹೊತ್ತಿಗೆ ಸರೋವರದ ಮಂಜುಗಡ್ಡೆ ಕರಗುತ್ತ ಕಪ್ಪಾಯಿತು, ಮೂರನೆಯದಕ್ಕೆ ನೀರು ಬಿಚ್ಚಿಕೊಂಡಿತು. ಸೋಮವಾರವೇ ಓಸ್ಮೊ ಕೋಲಿನ ಗೊರಸು ತೊಳೆದಿಡುತ್ತಿದ್ದ. ಬೆಳಿಗ್ಗೆ ಎಂಟಕ್ಕೆಲ್ಲ ತಯಾರಾಗಿ ಕಿಟಕಿಯ ಬಳಿ ನಿಂತವನನ್ನು ಕಂಡು ಐಲಾ, "ಇನ್ನೂ ಎರಡು ಗಂಟೆ ಇದೆ, ಮದುಮಗನೇ," ಎನ್ನುತ್ತಿದ್ದಳು. ದಾರಿಯ ಅರ್ಧದಲ್ಲಿ ಮರದ ಮಾಡಿನ ಕೆಳಗೆ ಬೆಂಕಿ ಹಾಕಿ ಸಾಸೇಜ್ ಸುಡುವುದು, ಫ್ಲಾಸ್ಕಿನ ಕಾಫಿ, ಸರದಿಯ ಮೇಲೆ ಯಾರಾದರೊಬ್ಬರು ತರುವ ಏಲಕ್ಕಿ ಬನ್ನು. ಸಾಸೇಜ್ ಯಾರ ಅಂಗಡಿಯದೆಂದು ಮೂಸಿಯೇ ಹೇಳುತ್ತಿದ್ದ ತೋಯ್ವೊ ಯಾವುದನ್ನೂ ಮೆಚ್ಚುತ್ತಿರಲಿಲ್ಲ. "ಹಿಟ್ಟು, ಬರೀ ಹಿಟ್ಟು," ಎನ್ನುತ್ತ ಮೂರು ತಿನ್ನುತ್ತಿದ್ದ. ಓಸ್ಮೊ ಇವರನ್ನೆಲ್ಲ ನೋಡುತ್ತ ಕೂರುವನು. ನೋಡುವುದು ಅವನ ಕಸುಬು, ಆದರೆ ಬರೆದುಕೊಳ್ಳುವುದಕ್ಕೆ ಏನೂ ಇಲ್ಲದೆ ನೋಡಿದ್ದು ಇದೇ ಮೊದಲು. ಮೂವತ್ತನಾಲ್ಕು ವರ್ಷ ದಿನವೂ ಒಬ್ಬರ ಪಕ್ಕದಲ್ಲಿ ಕೂತಿದ್ದೆನಲ್ಲ, ಅವರಲ್ಲಿ ಒಬ್ಬರಾದರೂ ನನ್ನ ಪಕ್ಕ ಕೂತದ್ದಕ್ಕೆ ಸಂತೋಷಪಟ್ಟಿದ್ದರೇ ಎಂಬ ಯೋಚನೆ ಬಂದು ಅವನು ಕಾಫಿ ಲೋಟ ಕೆಳಗಿಟ್ಟ. ಆಗ ಹೆಲ್ಕಾ ತನ್ನ ಬನ್ನಿನ ಅರ್ಧ ಮುರಿದು ಅವನ ಮಡಿಲಿಗೆ ಹಾಕಿದಳು. "ಸಕ್ಕರೆ ಇರೋ ಭಾಗ ನಿನಗೆ. ನನಗೆ ಹಲ್ಲುನೋವು," ಎಂದಳು. ಓಸ್ಮೊ ಆ ದಿನವೆಲ್ಲ ಖುಷಿಯಾಗಿದ್ದ.

ನಾಲ್ಕನೆಯ ಮಂಗಳವಾರ ಕರಗಿದ ನೀರು ಏರಿ ದಡದ ಕಡೆಯ ದಾರಿ ಮುಳುಗಿತ್ತು. ಹೆಲ್ಕಾ ಮಾತಿನ ನಡುವೆಯೇ ಹಿಂದಿನಿಂದ ಸುತ್ತಿ ಬಂದು ಅವನ ಎಡಕ್ಕೆ ಸೇರಿಕೊಂಡಳು. ಬಿಸಿಲು ಬಂದಿತ್ತೆಂದು ಟೋಪಿ ತೆಗೆದು ಜೇಬಿಗೆ ತುರುಕಿದ್ದಳು. ಓಸ್ಮೊ ಮೀನಿನದೇ ಏನೋ ಹೇಳುತ್ತ ಎಡಕ್ಕೆ ತಿರುಗಿದ. ಬಲಗಿವಿ, ಅದರ ಕೆಳಗೆ ಸಾಲಾಗಿ ಮೂರು ಮಚ್ಚೆ. ಹಳೆಯದೊಂದು ಬೆಳಿಗ್ಗೆ ಅವನ ಕಣ್ಣಮುಂದೆ ಬಂದು ನಿಂತಿತು. ಕಾರಿನೊಳಗೆ ಬಿಸಿಗಾಳಿ ಗುಂಯ್ ಎನ್ನುತ್ತಿದೆ, ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ, ಫೆಬ್ರವರಿ, ಬೆಳಿಗ್ಗೆಯ ನಾಲ್ಕನೆಯ ಪರೀಕ್ಷೆ. ಆ ಮೂರು ಮಚ್ಚೆಯ ಹೆಂಗಸು ಎಷ್ಟು ಚೆನ್ನಾಗಿ ಓಡಿಸುತ್ತಿದ್ದಳೆಂದರೆ ಗುರುತು ಹಾಕುವುದಕ್ಕೆ ಏನೂ ಇಲ್ಲದೆ ಪೆನ್ನು ಸುಮ್ಮನೆ ಬಿದ್ದಿತ್ತು. ಅದಷ್ಟೇ ನೆನಪು. ಆಮೇಲೆ ಕಣ್ಣು ತೆರೆದಾಗ ಎದುರಿಗೆ ಕೆಂಪಗೆ ಏನೋ ಒಂದು, ಅಂಚೆಯವನು ಹಿಮದ ಮೇಲೆ ತಳ್ಳಿಕೊಂಡು ಹೋಗುವ ಜಾರುಗಾಡಿ, ಮತ್ತು ಓಸ್ಮೊನ ಕಾಲು ಆಗಲೇ ಬ್ರೇಕನ್ನು ಪಾತಾಳಕ್ಕೆ ಒತ್ತಿತ್ತು. ಕಾರು ಮುಗ್ಗರಿಸಿ ನಿಂತಿತು. ಜಾರುಗಾಡಿ ಐವತ್ತು ಮೀಟರಿನಾಚೆ ಇತ್ತು. ಅವಳು ಅದಾಗಲೇ ನಿಧಾನ ಮಾಡಿದ್ದಳು. ಪರೀಕ್ಷಕ ಬ್ರೇಕು ಒತ್ತಿದನೆಂದರೆ ಫೇಲು, ಅದರಲ್ಲಿ ಎರಡನೆಯ ಮಾತಿಲ್ಲ. ಒತ್ತಿದ್ದೇಕೆ ಎಂಬುದಕ್ಕೆ ಮಾತ್ರ ನಮೂನೆಯಲ್ಲಿ ಎರಡು ಗೆರೆ ಜಾಗವಿತ್ತು. ನಿದ್ದೆ ಹೋಗಿದ್ದೆ ಎಂದು ಆ ಎರಡು ಗೆರೆಯಲ್ಲಿ ಬರೆಯಬಹುದಿತ್ತು. 'ದೂರದ ಅಂದಾಜು ಸಾಲದು' ಎಂದು ಬರೆದ. "ನನ್ನದೇನು ತಪ್ಪಾಯ್ತು?" ಎಂದು ಅವಳು ಕೇಳಿದ್ದು ಮುಖ ತಿರುಗಿಸದೆ, ಎರಡು ಕೈಯೂ ಸ್ಟಿಯರಿಂಗ್ ಚಕ್ರದ ಮೇಲೆ. ಕಿವಿಯಿಂದ ಕೆಳಕ್ಕೆ ಆ ಕೆನ್ನೆ ಕೆಂಪಗಾಗುತ್ತ ಹೋಯಿತು. ಇದು ಎರಡನೇ ಸಲ, ಊರಿನ ವೃದ್ಧರ ಮನೆಗಳಿಗೆ ಹೋಗಿ ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಲೈಸೆನ್ಸ್ ಇದ್ದರೆ ಮಾತ್ರ ಕೊಡುತ್ತಾರೆ, ಎಂದಳು. ಅವನು ಪೆನ್ನಿನ ಮುಚ್ಚಳ ಹಾಕಿದ. ಅವಳು "ಧನ್ಯವಾದ" ಎಂದು ಇಳಿದುಹೋದಳು. ಆಮೇಲೆ ಪರೀಕ್ಷೆಗೆ ಬರಲೇ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಸಾವಿರ ಕೆನ್ನೆಗಳು ಮರೆತುಹೋಗಿದ್ದವು, ಇದೊಂದು ಮರೆತಿರಲಿಲ್ಲ.

"ಓಸ್ಮೊ, ನಿನ್ನ ಕೈ," ಎಂದಳು ಎಡಗಡೆಯ ಹೆಲ್ಕಾ. ಬಲಗಾಲಿನ ಜೊತೆಗೇ ಬಲಗೈ ಹೋಗುತ್ತಿತ್ತು.

ಐದನೆಯ ಮಂಗಳವಾರ ಅವನು ಹೋಗಲಿಲ್ಲ. ಮಂಡಿನೋವು ಎಂದ. ಐಲಾ ಎಣ್ಣೆ ಶೀಶೆ ಹಿಡಿದು ಬಂದು ಎದುರಿಗೆ ಕೂತು, "ಯಾವ ಮಂಡಿ?" ಎಂದಳು. ಎಡದು ಎಂದ. ಅವಳು ಎಡಮಂಡಿಗೆ ಚೆನ್ನಾಗಿ ತಿಕ್ಕಿ, ಒಂದಿಷ್ಟು ಹೊತ್ತು ಬಿಟ್ಟು ಅಡುಗೆಮನೆಯಿಂದಲೇ ಕೂಗಿದಳು, "ಬಲಮಂಡಿ ಹೇಗಿದೆ ಈಗ?" "ಸ್ವಲ್ಪ ಪರವಾಗಿಲ್ಲ," ಎಂದು ಅವನೂ ಕೂಗಿದ. ಅವಳು ಬಂದು ಬಾಗಿಲಲ್ಲಿ ನಿಂತಳು. ಮೂವತ್ತೊಂಬತ್ತು ವರ್ಷ ಜೊತೆಗಿದ್ದವಳ ಎದುರು ಸುಳ್ಳು ಹೇಳುವಷ್ಟು ತಯಾರಿ ಅವನಲ್ಲಿ ಇರಲಿಲ್ಲ. ಕಿಟಕಿಯಾಚೆ ಹಕ್ಕಿಗೂಡನ್ನು ನೋಡುತ್ತ ಎಲ್ಲ ಹೇಳಿದ. ನಿದ್ದೆ, ಬ್ರೇಕು, ಎರಡು ಗೆರೆ, ಮೂರು ಮಚ್ಚೆ.

"ನಿದ್ದೆ ಹೋಗಿದ್ಯಾ!" ಐಲಾಗೆ ನಗು ತಡೆಯಲಾಗಲಿಲ್ಲ. ನಕ್ಕು, ಕಣ್ಣೊರೆಸಿಕೊಂಡು, ಆಮೇಲೆ ನಗು ಬಿಟ್ಟು ಗಂಭೀರಳಾದಳು. "ಪಾಪ, ಆ ಹೆಂಗಸು."

"ನಾನು ಹೇಳಿದ್ರೆ ಅವಳು ಇನ್ನು ನನ್ನ ಜೊತೆ ನಡೆಯಲ್ಲ."

"ನಡೆಯದೇ ಇರಬಹುದು."

"ಅವರೆಲ್ಲರಿಗೂ ಗೊತ್ತಾಗುತ್ತೆ. ನಾನು ಆ ಬೆಂಕಿ ಹತ್ರ ಹೇಗೆ ಕೂರ್ಲಿ? ಐಲಾ, ಅಲ್ಲಿಗೆ ಹೋಗೋದು ನನಗೆ ಇಷ್ಟ." ಹೇಳಿದ ಮೇಲೆ ತನ್ನ ಬಾಯಿಂದ ಬಂದ ಮಾತು ಕೇಳಿ ಅವನಿಗೇ ಆಶ್ಚರ್ಯವಾಯಿತು.

"ಹೇಳದೇ ಇದ್ರೂ ನೀನು ಅಲ್ಲಿಗೆ ಹೋಗ್ತಾ ಇಲ್ವಲ್ಲ," ಎಂದು ಐಲಾ ಎಣ್ಣೆ ಶೀಶೆಯ ಮುಚ್ಚಳ ತಿರುಗಿಸಿದಳು. "ಹೋಗಿ ಹೇಳು. ಈ ಮಂಡಿಗೆ ಇದರಲ್ಲಿ ಔಷಧ ಇಲ್ಲ. ಅದೂ ಅಲ್ದೆ ಮಂಗಳವಾರ ಮನೆ ನನ್ನದು."

ಆರನೆಯ ಮಂಗಳವಾರ ತರಗತಿಯ ಕೊನೆಯ ದಿನ. ಬರ್ಚ್ ಮರಗಳು ಒಂದು ವಾರದಲ್ಲಿ ಚಿಗುರಿ ದಾರಿಯೇ ಬೇರೆ ಊರಿನದರಂತೆ ಕಾಣುತ್ತಿತ್ತು. ಮಂಡಿ ಹೇಗಿದೆ ಎಂದು ತೂಲಿಕ್ಕಿ ಊರಿಗೆಲ್ಲ ಕೇಳುವಂತೆ ಕೇಳಿದಳು, ಅವನು ಚೆನ್ನಾಗಿದೆ ಎಂದ. ನೀರು ಇಳಿದಿದ್ದರಿಂದ ಹೆಲ್ಕಾ ಮತ್ತೆ ಬಲಕ್ಕೆ ಬಂದಿದ್ದಳು. ಆ ಸೇತುವೆ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಸೇತುವೆ ದಾಟಿತು. ಆ ಹಳದಿ ದೋಣಿಮನೆ ಬರಲಿ ಎಂದುಕೊಂಡ. ದೋಣಿಮನೆಯೂ ಬಂದು ಹೋಯಿತು. ಎದುರಿಗೆ ಮಾತಾಡುವುದಕ್ಕಿಂತ ಪಕ್ಕದಲ್ಲಿ ನಡೆಯುತ್ತ ಮಾತಾಡುವುದು ಸುಲಭವೆಂದು ಇಷ್ಟು ದಿನ ಅಂದುಕೊಂಡಿದ್ದ. ಅದೂ ಸುಲಭವಿರಲಿಲ್ಲ. ನಾಲ್ಕು ಕೋಲುಗಳು ಜಲ್ಲಿಯ ಮೇಲೆ ಟಕ್ ಟಕ್ ಎನ್ನುತ್ತಿದ್ದವು, ಹಿಂದಿನಿಂದ ತೋಯ್ವೊ ಯಾವನೋ ಸಾಸೇಜಿನವನನ್ನು ಬೈಯುತ್ತ ಬರುತ್ತಿದ್ದ. ಹಾಗೇ ಬಿಟ್ಟುಬಿಡಬಹುದಲ್ಲ, ಇವತ್ತಿಗೆ ತರಗತಿ ಮುಗಿಯಿತು, ಶರತ್ಕಾಲದಲ್ಲಿ ಮಂಡಿನೋವು ಮತ್ತೆ ಬಂತೆಂದರಾಯಿತು ಎಂದು ಒಳಗಿನಿಂದ ಯಾರೋ ಬಹಳ ಮರ್ಯಾದೆಯಿಂದ ಸಲಹೆ ಕೊಟ್ಟರು. ಅದು ಪೆನ್ನಿನ ಮುಚ್ಚಳ ಹಾಕಿದವನದೇ ದನಿ. ಓಸ್ಮೊಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು.

"ನಾನು ಡ್ರೈವಿಂಗ್ ಪರೀಕ್ಷಕನಾಗಿದ್ದೆ," ಎಂದ ರಸ್ತೆಯನ್ನೇ ನೋಡುತ್ತ. "ಇಪ್ಪತ್ತಾರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ನಿನ್ನನ್ನ ಫೇಲ್ ಮಾಡಿದೆ. ನಿನ್ನದೇನೂ ತಪ್ಪಿರಲಿಲ್ಲ. ನನಗೆ ನಿದ್ದೆ ಬಂದುಬಿಟ್ಟಿತ್ತು. ಎಚ್ಚರಾದಾಗ ಹೆದರಿ ಬ್ರೇಕ್ ಒತ್ತಿದೆ, ಆಮೇಲೆ ನಿನ್ನ ತಪ್ಪು ಅಂತ ಬರೆದೆ. ನೀನು ಚೆನ್ನಾಗಿ ಓಡಿಸ್ತಿದ್ದೆ. ಅವತ್ತು ಬಂದವರಲ್ಲೆಲ್ಲ ನೀನೇ ಚೆನ್ನಾಗಿ ಓಡಿಸಿದ್ದು."

ಹೆಲ್ಕಾ ನಡೆಯುತ್ತಲೇ ಇದ್ದಳು. ಹೆಜ್ಜೆ ತಪ್ಪಲಿಲ್ಲ, ಕೋಲು ತಪ್ಪಲಿಲ್ಲ. ಇಲ್ಲಿಯ ಮೌನವನ್ನು ಹುಟ್ಟಿದಾಗಿನಿಂದ ಕಂಡವನು ಓಸ್ಮೊ. ಸಮಾಧಾನದ ಮೌನ ಯಾವುದು, ಸಿಟ್ಟಿನದು ಯಾವುದು, ಮಾತು ಮುಗಿದದ್ದು ಯಾವುದು ಎಂದು ಬೇರೆ ಬೇರೆ ಮಾಡಿ ಹೇಳಬಲ್ಲವನು. ಇದು ಯಾವುದೆಂದು ತಿಳಿಯಲಿಲ್ಲ. ಒಂದು ಬೆಂಚು ಹಿಂದೆ ಸರಿಯಿತು. ಇನ್ನೊಂದು ಬೆಂಚು ಸರಿಯಿತು. ಅಲ್ಲಿ ಕೂತಿದ್ದ ಹುಂಜದಂಥ ಹಕ್ಕಿಯೊಂದು ಇವರನ್ನು ನೋಡಿ ಎದ್ದುಹೋಯಿತು.

"ಗೊರಕೆ ಹೊಡೀತಿದ್ದೆ," ಎಂದಳು ಹೆಲ್ಕಾ.

"ಏನು?"

"ನೀನು. ಗೊರಕೆ ಹೊಡೀತಿದ್ದೆ. ನಾನ್ಯಾಕೆ ನಿಧಾನ ಮಾಡಿದೆ ಅಂದ್ಕೊಂಡೆ? ಜಾರುಗಾಡಿ ಅಷ್ಟು ದೂರ ಇತ್ತು. ಎಬ್ಬಿಸೋದೋ ಬೇಡ್ವೋ ಅಂತ ಯೋಚನೆ ಮಾಡ್ತಿದ್ದೆ. ಸರ್ಕಾರಿ ಅಧಿಕಾರಿ, ಮೈಮುಟ್ಟಿ ಹೇಗೆ ಎಬ್ಬಿಸೋದು?"

ಓಸ್ಮೊ ಒಂದು ಹೆಜ್ಜೆ ತಪ್ಪಿದ. "ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಅಲ್ಲಿದ್ದವನು ನೀನೊಬ್ಬನೇ." ಅವಳ ದನಿಯಲ್ಲಿ ಇಷ್ಟು ವಾರ ಕೇಳದ ಬಿರುಸು ಬಂದಿತು. "ಆ ಕೆಲಸ ಬೇರೆಯವಳಿಗೆ ಹೋಯ್ತು. ನನಗೆ ಆ ಮುದುಕಿಯರೆಲ್ಲ ಗೊತ್ತಿದ್ರು, ಅವರ ಜೊತೆ ಇರೋದು ಇಷ್ಟ ಇತ್ತು. ಇಪ್ಪತ್ತೈದು ವರ್ಷ ಆಲೂಗಡ್ಡೆ ಸುಲಿದೆ, ಓಸ್ಮೊ. ಮೊದಲೆರಡು ವರ್ಷ ನಿನ್ನ ಹೆಸರು ಹೇಳಿ ಹೇಳಿ ಸೌದೆ ಒಡೆದೆ. ಅಷ್ಟು ಸಣ್ಣ ಸೌದೆ ಈ ಊರಲ್ಲೇ ಯಾರ ಮನೇಲೂ ಇರ್ಲಿಲ್ಲ."

"ಮೊದಲನೇ ದಿನವೇ ಗುರುತು ಸಿಕ್ತಾ?"

"ಎಲ್ಲರಿಗೂ ಸಿಕ್ತು. ಕೂತು ಮಾಡೋ ಸರ್ಕಾರಿ ಕೆಲಸವಂತೆ! ಈ ಗುಂಪಲ್ಲಿ ಏಳು ಜನಕ್ಕೆ ನೀನೇ ಪರೀಕ್ಷೆ ಮಾಡಿರೋದು. ತೂಲಿಕ್ಕಿನ ಎರಡು ಸಲ ಫೇಲ್ ಮಾಡಿದೀಯ. ಅವನಾಗೇ ಹೇಳ್ಲಿ ಅಂತ ಎಲ್ಲರೂ ಸುಮ್ಮನಿದ್ರು." ಅವಳು ಉಸಿರು ತೆಗೆದುಕೊಂಡಳು. "ನಿನ್ನನ್ನ ನನ್ನ ಜೋಡಿಗೆ ಹಾಕಿದಾಗ ಕೋಲು ಬಿಸಾಕಿ ಮನೆಗೆ ಹೋಗೋಣ ಅನ್ನಿಸ್ತು. ಅಷ್ಟರಲ್ಲಿ ನೀನು ಕರಡಿ ಥರ ನಡೆಯೋಕೆ ಶುರು ಮಾಡಿದೆ. ಅದನ್ನ ನೋಡ್ಲೇಬೇಕು ಅಂತ ಉಳಿದೆ. ಉಳಿದ ಮೇಲೆ, ಏನ್ ಮಾಡೋದು, ನಿನ್ನ ಜೊತೆ ನಡೆಯೋದು ಚೆನ್ನಾಗಿತ್ತು. ಅದು ನನಗೆ ಇನ್ನೂ ಸಿಟ್ಟು ತರಿಸ್ತು."

ಐದು ವಾರ. ಆ ಬೆಂಕಿಯ ಸುತ್ತ, ಆ ಬನ್ನು, ಆ ಕಾಫಿ, ಎಲ್ಲರಿಗೂ ಗೊತ್ತಿದ್ದು ಎಲ್ಲರೂ ಸುಮ್ಮನೆ ತಿನ್ನುತ್ತಿದ್ದರು. ಅಲ್ಲಿಯೂ ಮೀನಿನ ಕಥೆ ಹೇಳಿದೆನಲ್ಲ, ತೋಳುದ್ದ ಎಂದೆನಲ್ಲ, ಏಳು ಜನ ಕೂತು ತಲೆಯಾಡಿಸುತ್ತ ಕೇಳಿದರಲ್ಲ. ನಾಚಿಕೆಯಿಂದ ಮೈಯೆಲ್ಲ ಬೆವೆತಿತು. ಆ ನಾಚಿಕೆಯ ತಳದಲ್ಲಿ, ಅವನಿಗೇ ನಂಬಿಕೆ ಬಾರದಂತೆ, ಒಂದು ಬಗೆಯ ಹಗುರವೂ ಇತ್ತು. ಗೊತ್ತಿದ್ದೂ ಇವರು ಜಾಗ ಕೊಟ್ಟಿದ್ದರು. ಅವನು ತಗ್ಗಿದ ದನಿಯಲ್ಲಿ ಕ್ಷಮಿಸು ಎಂದ, ದಾರಿಯ ಕಡೆಗೆ.

ಹೆಲ್ಕಾ ನಿಂತಳು. ಸಾಲಿನ ನಡುವೆ ನಿಲ್ಲುವುದು ಈ ತರಗತಿಯಲ್ಲಿ ದೊಡ್ಡ ಅಪರಾಧ. ಹಿಂದೆ ಬರುತ್ತಿದ್ದವರೆಲ್ಲ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುವಂತಾಗಿ ಕೋಲುಗಳು ಖಣಖಣ ಎಂದವು. ಅವಳು ಪೂರ್ತಿ ಅವನ ಕಡೆಗೆ ತಿರುಗಿದಳು.

"ಯಾರಿಗೆ ಹೇಳಿದೆ? ರಸ್ತೆಗಾ? ಇಪ್ಪತ್ತಾರು ವರ್ಷ ಆಯ್ತು. ನನ್ನ ಮುಖ ನೋಡಿ ಹೇಳು."

ಓಸ್ಮೊ ತಿರುಗಿದ. ಉಳಿದವರೆಲ್ಲ ನಿಂತು ನೋಡುತ್ತಿದ್ದರು. ತೂಲಿಕ್ಕಿ ಕೂಡ ಬಾಯಿ ಮುಚ್ಚಿದ್ದಳು. ಅವನು ಅವಳ ಮುಖ ನೋಡಿದ. ಎರಡು ಕಣ್ಣು, ಒಂದು ಸ್ವಲ್ಪ ಚಿಕ್ಕದು, ಎರಡರಲ್ಲೂ ನೀರಿನ ಪಸೆ. ಬಿಸಿಲಿಗೆ ಸುಲಿದ ಮೂಗು. ಗಟ್ಟಿಯಾಗಿ ಮುಚ್ಚಿದ ತುಟಿ. ಒಂದು ಪೂರ್ತಿ ಮುಖವನ್ನು ಇಷ್ಟು ಹೊತ್ತು ನೋಡುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ನಿನ್ನದಾಗಬೇಕಿದ್ದ ಕೆಲಸ ಕಿತ್ತುಕೊಂಡೆ, ಹೆಲ್ಕಾ, ಎಂದು ಅವನ ಒಳಗೆಲ್ಲ ಅದೊಂದೇ ಇತ್ತು.

"ಕ್ಷಮಿಸು," ಎಂದ ಎಲ್ಲರಿಗೂ ಕೇಳುವಂತೆ. "ತಪ್ಪು ನನ್ನದು. ಹೆದರಿಕೊಂಡು ಸುಳ್ಳು ಬರೆದೆ. ಕ್ಷಮಿಸು, ಹೆಲ್ಕಾ."

ಅವಳು ಇನ್ನೂ ಒಂದಿಷ್ಟು ಹೊತ್ತು ಅವನನ್ನೇ ನೋಡಿದಳು. ಆಮೇಲೆ, "ಆಯ್ತು," ಎಂದಳು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಈ ಊರಿನಲ್ಲಿ ಯಾರಿಗೂ ಯಾರೂ ಕಲಿಸಿರಲಿಲ್ಲ. ಕೊನೆಗೆ ಹಿಂದಿನಿಂದ ತೋಯ್ವೊ ಕೋಲೆತ್ತಿದ.

"ಹಾಗಾದ್ರೆ ನನಗೂ ಒಂದು ಕ್ಷಮೆ ಬರ್ಬೇಕು. ಮೂರು ಸಲ ಫೇಲ್ ಮಾಡಿದೀಯಪ್ಪ ನನ್ನನ್ನ."

ಓಸ್ಮೊ ಅವನನ್ನು ಬಲಗಿವಿಯಿಂದ ಮೀಸೆಯವರೆಗೆ ಸಾವಕಾಶವಾಗಿ ನೋಡಿದ.

"ನಿನಗಿಲ್ಲ," ಎಂದ. "ಮೂರು ಸಲವೂ ಕೆಂಪು ದೀಪ ದಾಟಿದೆ. ಮೂರನೇ ಸಲ ಸಾಸೇಜ್ ತಿನ್ನುತ್ತಾ ದಾಟಿದೆ. ಇವತ್ತು ಬಂದ್ರೂ ಫೇಲೇ."

ಮೊದಲು ನಕ್ಕವಳು ಹೆಲ್ಕಾ. ಕೋಲಿನ ಮೇಲೆ ಬಗ್ಗಿ, ಹೊಟ್ಟೆ ಹಿಡಿದುಕೊಂಡು, ಹಲ್ಲುನೋವಿನ ಕಡೆಯ ದವಡೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ನಕ್ಕಳು. ಆ ನಗು ಸಾಲಿನುದ್ದಕ್ಕೂ ಹಿಂದಕ್ಕೆ ಹೋಯಿತು. ತೋಯ್ವೊ, "ಅದು ಹಿಟ್ಟಿನ ಸಾಸೇಜ್ ಅಲ್ಲ ಕಣಯ್ಯಾ, ನಾನೇ ಮಾಡಿದ್ದು!" ಎಂದು ಕೂಗಾಡುತ್ತಿದ್ದ. ಹೆಲ್ಕಾ ಕಣ್ಣೊರೆಸಿಕೊಂಡು, ಟೋಪಿ ಸರಿಮಾಡಿಕೊಂಡು, ಯಾರಿಗೂ ಕಾಯದೆ ಕೋಲೂರಿ ಹೊರಟಳು. ದಾರಿಯ ನಡುವೆ ನಡೆಯುತ್ತಿದ್ದವಳು ಹತ್ತು ಹೆಜ್ಜೆ ಹೋದ ಮೇಲೆ ನೀರಿನ ಕಡೆಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ನಡೆದಳು. ಓಸ್ಮೊ ಆ ಜಾಗಕ್ಕೆ ಓಡಿದ.